ನೊಣ ಹಿಡಿಯುವ ಗಿಡ, ಧಾರವಾಡದ ನೀರು

ವೀನಸ್ ಫ್ಲೈಟ್ರ್ಯಾಪ್ ಸಾಕಲು ಶುರು ಮಾಡಿ ಮೂರು ವರ್ಷವಾಯಿತು. ಆನ್‌ಲೈನ್ ನರ್ಸರಿಯೊಂದರಿಂದ 450 ರೂಪಾಯಿಗೆ ತರಿಸಿದ್ದೆ. ಈಗಿರುವುದು ಎರಡನೆಯ ಗಿಡ. ಮೊದಲನೆಯದು ಎರಡೇ ತಿಂಗಳಲ್ಲಿ ಹೋಯಿತು.

ಅದನ್ನು ಸಾಯಿಸಿದ್ದು ನೀರು. ಸಪ್ತಾಪುರದ ನಮ್ಮ ಮನೆಗೆ ನಳದ ನೀರು ದಿನಾ ಬರುತ್ತಿರಲಿಲ್ಲ. ಬಾರದ ದಿನ ಬೋರಿನ ನೀರೇ ಗತಿ. ಗುಲಾಬಿ, ತುಳಸಿಗೆ ಹಾಕಿದ ಹಾಗೆ ಇದಕ್ಕೂ ಅದನ್ನೇ ಹಾಕಿದೆ. ಎಲೆಗಳು ಒಂದೊಂದಾಗಿ ಕಪ್ಪಾದವು. ಗಿಡದ ಜೊತೆ ಬಂದ ಚೀಟಿಯಲ್ಲಿ 'ಮನೆಯೊಳಗೆ ಇಡಿ, ವಾರಕ್ಕೊಮ್ಮೆ ನೀರು ಹಾಕಿ' ಎಂದಷ್ಟೇ ಇತ್ತು. ಎರಡೂ ತಪ್ಪು. ಎಂಥ ನೀರು ಅನ್ನುವ ಮಾತೇ ಇಲ್ಲ. ದುಡ್ಡು ತಗೊಂಡು ಗಿಡ ಕಳಿಸುವವರು ಇಷ್ಟಾದರೂ ಸರಿಯಾಗಿ ಬರೆಯಬೇಕಲ್ವಾ? ಗಿಡಕ್ಕೆ ಐದರಲ್ಲಿ ಐದು ಕೊಡುತ್ತೇನೆ, ನರ್ಸರಿಗೆ ಎರಡು. ಆ ಎರಡೂ ಪ್ಯಾಕಿಂಗ್ ಚೆನ್ನಾಗಿದ್ದದ್ದಕ್ಕೆ.

ಇದರ ತವರು ಅಮೆರಿಕದ ಉತ್ತರ ಮತ್ತು ದಕ್ಷಿಣ ಕ್ಯಾರೊಲೈನಾದ ಜೌಗು ನೆಲ. ಅಲ್ಲಿನ ಮಣ್ಣಿನಲ್ಲಿ ಸಾರ ತೀರಾ ಕಡಿಮೆ. ಅದಕ್ಕೇ ಹುಳ ಹಿಡಿದು ಸಾರಜನಕ ಪಡೆಯುತ್ತದೆ. ಇದರ ಬೇರು ಉಪ್ಪಿನಂಶವನ್ನು ತಾಳುವುದಿಲ್ಲ. ನಮ್ಮ ಎರೆಮಣ್ಣು, ಸಗಣಿ ಗೊಬ್ಬರ ಎರಡೂ ಬೇಡ. ಪೀಟ್ ಮಾಸ್ (ಜೌಗಿನಲ್ಲಿ ಅರೆಕೊಳೆತ ಪಾಚಿ), ಪರ್ಲೈಟ್ (ಹಗುರವಾದ ಬಿಳಿ ಕಲ್ಲಿನ ಹರಳು) ಕಲಸಿ ನೆಟ್ಟರೆ ಸಾಕು.

ಎರಡನೆಯ ಗಿಡ ತರಿಸುವಾಗ ಟಿಡಿಎಸ್ ಮೀಟರನ್ನೂ ಕೊಂಡೆ. ನೀರಿನಲ್ಲಿ ಕರಗಿದ ಉಪ್ಪಿನಂಶ ಎಷ್ಟಿದೆ ಎಂದು ಅದು ಪಿಪಿಎಂನಲ್ಲಿ (ಹತ್ತು ಲಕ್ಷದಲ್ಲಿ ಎಷ್ಟು ಭಾಗ) ತೋರಿಸುತ್ತದೆ. ನೀರಿನ ಟಿಡಿಎಸ್ 50ರೊಳಗಿರಬೇಕು. ನಮ್ಮ ಬೋರಿನದು 800 ದಾಟಿತ್ತು! ಮಳೆನೀರಿನದು 12. ಅವತ್ತಿನಿಂದ ಜೂನ್ ಬಂತೆಂದರೆ ಮಾಳಿಗೆಯ ಮೇಲೆ ಬಕೆಟ್ ಸಾಲು. 'ಮಳಿ ಬಂತು, ನಿನ್ನ ಗಿಡದ ಬಕೆಟ್ ಇಟ್ಟೇನಿ ನೋಡು' ಎಂದು ಈಗ ಅವ್ವನೇ ಕೂಗಿ ಹೇಳುತ್ತಾಳೆ. ನಾಲ್ಕು ಕ್ಯಾನ್ ತುಂಬಿಟ್ಟರೆ ಫೆಬ್ರವರಿವರೆಗೆ ಸಾಲುತ್ತದೆ. ಆಮೇಲೆ ಪಕ್ಕದ ಅಂಗಡಿಯ ಎಸಿಯಿಂದ ತೊಟ್ಟಿಕ್ಕುವ ನೀರು. ಕುಂಡವನ್ನು ತಟ್ಟೆಯಲ್ಲಿಟ್ಟು, ತಟ್ಟೆಯಲ್ಲಿ ಯಾವಾಗಲೂ ಒಂದು ಬೆರಳಗಲ ನೀರು ನಿಲ್ಲಿಸುತ್ತೇನೆ.

ಬಿಸಿಲು ಜಾಸ್ತಿ ಬೇಕು. ಏಪ್ರಿಲ್, ಮೇ ಮಧ್ಯಾಹ್ನ ಮಾತ್ರ ನೆರಳಿಗೆ ಸರಿಸುತ್ತೇನೆ.

ಮನೆಗೆ ಬಂದ ಮಕ್ಕಳು ಮೊದಲು ಮಾಡುವ ಕೆಲಸ ಗಿಡದ ಬಾಯೊಳಗೆ, ಅಂದರೆ ಹುಳ ಹಿಡಿಯುವ ಎಲೆಯ ತುದಿಯೊಳಗೆ, ಕಡ್ಡಿ ಹಾಕುವುದು. ದಯವಿಟ್ಟು ಹಾಗೆ ಮಾಡಲು ಬಿಡಬೇಡಿ. ಒಳಗಿನ ಕೂದಲನ್ನು ಸುಮಾರು 20 ಸೆಕೆಂಡಿನೊಳಗೆ ಎರಡು ಸಲ ಮುಟ್ಟಿದರೆ ಬಾಯಿ ಮುಚ್ಚುತ್ತದೆ. ಹುಳ ಸಿಕ್ಕರೆ ಒಂದು ವಾರ ಮುಚ್ಚಿಕೊಂಡೇ ಅರಗಿಸುತ್ತದೆ. ಒಂದೊಂದು ಬಾಯಿ ಕೆಲವೇ ಸಲ ಹೀಗೆ ಮುಚ್ಚಿ, ಆಮೇಲೆ ಒಣಗುತ್ತದೆ. ಸುಮ್ನೆ ಆಡಿಸಿದರೆ ಗಿಡದ ಶಕ್ತಿ ವ್ಯರ್ಥ. ನಾವು ತಿನ್ನಿಸುವುದೂ ಬೇಕಿಲ್ಲ, ಹೊರಗಿಟ್ಟರೆ ಇರುವೆ, ನೊಣ ತಾನೇ ಹಿಡಿಯುತ್ತದೆ. ಆದರೆ ಮನೆಯ ನೊಣ ಕಡಿಮೆಯಾಗಲಿ ಅಂತ ಕೊಳ್ಳಬೇಡಿ, ಆಗುವುದಿಲ್ಲ.

ಡಿಸೆಂಬರ್ ಚಳಿಗೆ ಎಲೆ ಒಣಗಿ ಗಿಡ ಕುಗ್ಗುತ್ತದೆ. ಸತ್ತಿತೆಂದು ಬಿಸಾಡಬೇಡಿ, ಅದು ಮಲಗುವ ಕಾಲ. ಮೊದಲ ಚಳಿಗಾಲ ನಾನು ದಿನಾ ಹೋಗಿ ನೋಡುತ್ತಿದ್ದೆ. ಫೆಬ್ರವರಿ ಕೊನೆಗೆ ಚಿಗುರು ಕಂಡಾಗ ಆದ ಖುಷಿ ಇನ್ನೂ ನೆನಪಿದೆ.

ಈ ವರ್ಷ ಕುಂಡ ಬದಲಿಸುವಾಗ ಗಡ್ಡೆ ಎರಡಾಗಿತ್ತು. ಒಂದನ್ನು ಹುಬ್ಬಳ್ಳಿಯಲ್ಲಿರುವ ತಂಗಿಗೆ ಕೊಟ್ಟೆ, ಜೊತೆಗೆ ಒಂದು ಕ್ಯಾನ್ ಮಳೆನೀರು.