ಸಾಲ್ಜ್‌ಬರ್ಗ್‌ನಲ್ಲಿ ಮರಿಯಾಳ ಜಾಡು: ಬಸ್ಸೋ, ಸೈಕಲ್ಲೋ, ನಡಿಗೆಯೋ?

ಸನ್ಯಾಸಿನಿಯಾಗಲು ಹೊರಟ ಮರಿಯಾ, ಕ್ಯಾಪ್ಟನ್ ಒಬ್ಬರ ಏಳು ಮಕ್ಕಳನ್ನು ನೋಡಿಕೊಳ್ಳಲು ಬಂದು, ಮಕ್ಕಳಿಗೆ ಹಾಡು ಕಲಿಸಿ, ಕೊನೆಗೆ ಆ ಕ್ಯಾಪ್ಟನ್‌ನನ್ನೇ ಮದುವೆಯಾಗುವ ಸಿನಿಮಾ ‘ದಿ ಸೌಂಡ್ ಆಫ್ ಮ್ಯೂಸಿಕ್’. ಅದರ ಹುಚ್ಚು ಹಿಡಿಸಿಕೊಂಡು ಆಸ್ಟ್ರಿಯಾದ ಸಾಲ್ಜ್‌ಬರ್ಗ್‌ಗೆ ಹೋಗುವವರ ಮುಂದೆ ಮೂರು ದಾರಿಗಳಿವೆ. ಅರ್ಧ ದಿನದ ಟೂರ್ ಬಸ್ಸು ಹತ್ತುವುದು, ಗೈಡ್ ಜೊತೆ ಸೈಕಲ್ ತುಳಿಯುವುದು, ಇಲ್ಲವೇ ಹಾಡುಗಳನ್ನು ಮೊಬೈಲಿಗೆ ಇಳಿಸಿಕೊಂಡು ನಮ್ಮ ಪಾಡಿಗೆ ನಾವು ಸುತ್ತುವುದು. ನಾನು ಮೂರನ್ನೂ ಮಾಡಿ ನೋಡಿದೆ. ಜೊತೆಗೆ ಅಮ್ಮ ಇದ್ದರು. ಯಾವುದು ಚೆನ್ನ ಅಂತ ನಮ್ಮಿಬ್ಬರಿಗೂ ಇವತ್ತಿನವರೆಗೂ ಒಮ್ಮತ ಬಂದಿಲ್ಲ.

ಹೊರಡುವ ಮೊದಲು ಒಂದು ವಿಷಯ ತಿಳಿದಿರಲಿ. ಸಿನಿಮಾದ ಚಿತ್ರೀಕರಣ ಆದದ್ದು 1964ರಲ್ಲಿ, ಬಿಡುಗಡೆ 1965ರಲ್ಲಿ. 1967ರಲ್ಲೇ ಹಳೇ ಊರನ್ನು ಕಾಪಾಡಲು ಅಲ್ಲಿ ಕಾನೂನು ಬಂತು, 1996ರಲ್ಲಿ ಯುನೆಸ್ಕೋ ಪಟ್ಟಿಗೂ ಸೇರಿತು. ಹಾಗಾಗಿ ಆವತ್ತು ಕ್ಯಾಮೆರಾ ಕಂಡ ಊರು ಬಹುಮಟ್ಟಿಗೆ ಹಾಗೇ ಇದೆ. ಜಾಗ ಹುಡುಕುವುದು ಕಷ್ಟವಲ್ಲ. ಕ್ಯಾಮೆರಾ ಎಲ್ಲಿ ನಿಂತಿತ್ತೋ ಅಲ್ಲೇ ಹೋಗಿ ನಿಲ್ಲಬೇಕು ಅನ್ನುವುದು ನನ್ನ ಆಸೆ, ಕಷ್ಟ ಇರುವುದು ಅದರಲ್ಲಿ. ಈ ಮೂರೂ ದಾರಿಗಳನ್ನು ನಾನು ಅಳೆದದ್ದು ಅದೇ ಲೆಕ್ಕದಲ್ಲಿ.

ಬಸ್ಸಿನಲ್ಲಿ ಆರಾಮಕ್ಕೆ ಕೊರತೆ ಇಲ್ಲ. ಮಿರಾಬೆಲ್ ಚೌಕದಿಂದ ಹೊರಟು ಸುಮಾರು ನಾಲ್ಕು ಗಂಟೆ ಸುತ್ತಿಸುತ್ತಾರೆ. ಒಳಗೆ ಸಿನಿಮಾದ ಹಾಡು, ಗೈಡಿನ ತಮಾಷೆ. ಹಾಡು ಬಂದ ತಕ್ಷಣ ಹಿಂದಿನ ಸೀಟಿನವರು ಗಟ್ಟಿಯಾಗಿ ದನಿ ಸೇರಿಸುತ್ತಾರೆ, ಅದಕ್ಕೆ ಸಿದ್ಧರಾಗಿರಬೇಕು. ಅಮ್ಮನೂ ಹಾಡಿದರು, ಸಾಲುಗಳು ಅರ್ಧ ಬರದಿದ್ದರೂ! ಇನ್ನು ಜಾಗಗಳ ವಿಷಯ. ಕ್ಯಾಪ್ಟನ್ ಮನೆಯ ಕೆರೆ ದೃಶ್ಯಗಳ ಲೆಯೊಪೋಲ್ಡ್ಸ್‌ಕ್ರೋನ್ ಅರಮನೆಯನ್ನು ಕೆರೆಯ ಈಚೆ ದಡದಿಂದ ತೋರಿಸಿದರು. ಫೋಟೋ ತೆಗೆದು ಮುಗಿಸುವಷ್ಟರಲ್ಲಿ ‘ಬನ್ನಿ ಬನ್ನಿ’ ಅಂತ ಕರೆ ಬಂತು. ನೊನ್‌ಬರ್ಗ್ ಮಠವನ್ನಂತೂ ಕಿಟಕಿಯಿಂದಲೇ ಬೆರಳು ಮಾಡಿ ತೋರಿಸಿ ಮುಗಿಸಿದರು. ಮರಿಯಾ ಸನ್ಯಾಸಿನಿಯಾಗಲು ಸೇರಿದ ಮಠವನ್ನು ದೂರದಿಂದಲೇ ನೋಡಿ ಬರುವುದಾದರೆ ಅಷ್ಟು ದೂರ ಯಾಕೆ ಹೋಗಬೇಕು, ಅಲ್ವಾ?

ಬಸ್ಸು ನಿಜವಾಗಿ ನಿಂತದ್ದು ಹೆಲ್‌ಬ್ರುನ್ ಅರಮನೆಯ ತೋಟದಲ್ಲಿ, ಸಿನಿಮಾದ ಗಾಜಿನ ಮಂಟಪದ ಮುಂದೆ. ದೊಡ್ಡ ಮಗಳು ಲೀಸಲ್ ಮತ್ತು ಅವಳ ಹುಡುಗ ಮಳೆಯಲ್ಲಿ ಹಾಡುವ ಮಂಟಪ ಅದು. ಮೊದಲು ಲೆಯೊಪೋಲ್ಡ್ಸ್‌ಕ್ರೋನ್‌ನಲ್ಲಿ ಇತ್ತು, ಆಮೇಲೆ ಇಲ್ಲಿಗೆ ತಂದಿಟ್ಟರು. ಬಿಳಿ ಬಣ್ಣದ ಚೌಕಟ್ಟು, ಸುತ್ತಲೂ ಗಾಜು, ಬಾಗಿಲಿಗೆ ಬೀಗ. ಒಳಗಿನ ಬೆಂಚುಗಳ ಮೇಲೆ ಹಾರಲು ಹೋಗಿ ಜನ ಬೀಳುತ್ತಿದ್ದರಂತೆ, ಅದಕ್ಕೇ ಬೀಗ. ಎಲ್ಲರೂ ಗಾಜಿಗೆ ಮೂಗು ಒತ್ತಿಕೊಂಡು ಇಣುಕುತ್ತಾರೆ. ಅಮ್ಮನೂ ಇಣುಕಿ, ‘ಅಲ್ಲ ಕಣೇ, ಇಷ್ಟೇ ಇಷ್ಟಾ? ಇದರೊಳಗೆ ಅದು ಹೇಗೆ ಕುಣಿದರು?’ ಅಂದರು. ಅವರು ಕೇಳಿದ್ದು ಸರಿಯೇ. ಒಳಗಿನ ಕುಣಿತವನ್ನು ತೆಗೆದದ್ದು ಹಾಲಿವುಡ್‌ನಲ್ಲಿ, ಇದಕ್ಕಿಂತ ದೊಡ್ಡದಾಗಿ ಕಟ್ಟಿದ ಸೆಟ್‌ನಲ್ಲಿ. ಇಲ್ಲಿಯದು ಹೊರನೋಟಕ್ಕೆ ಮಾತ್ರ.

ಬಸ್ಸಿಗೆ ನಾನು ಪೂರ್ತಿ ಅಂಕ ಕೊಡುವುದು ಮೋಂಡ್‌ಸೀ ಊರಿಗಾಗಿ. ಮರಿಯಾ ಮತ್ತು ಕ್ಯಾಪ್ಟನ್ ಮದುವೆಯ ಚರ್ಚು ಇರುವುದು ಅಲ್ಲಿ. ಹಳದಿ ಬಣ್ಣದ ಎರಡು ಗೋಪುರ, ಮುಂದೆ ಕೆಫೆಗಳು, ಆಚೆ ಸರೋವರ. ಒಳಗೆ ಹೋಗಿ ನಡುದಾರಿಯಲ್ಲಿ ನಿಂತರೆ, ಮರಿಯಾ ಆ ಉದ್ದನೆಯ ಸೆರಗಿನ ಗೌನ್ ಹಾಕಿಕೊಂಡು ನಡೆದು ಬಂದದ್ದು ಕಣ್ಣ ಮುಂದೆ ಬರುತ್ತದೆ. ಅಮ್ಮ ಅಲ್ಲಿಂದ ಏಳಲೇ ಇಲ್ಲ. ನಿಜ ಜೀವನದ ಮರಿಯಾ ಮದುವೆಯಾದದ್ದು 1927ರಲ್ಲಿ, ನೊನ್‌ಬರ್ಗ್ ಮಠದಲ್ಲೇ. ಇದನ್ನು ಹೇಳಿದಾಗ ಅಮ್ಮನಿಗೆ ಬೇಜಾರಾಯಿತು. ಸುಮ್ನೆ ಹೇಳಬಾರದಿತ್ತೇನೋ.

ಸೈಕಲ್ ಬೇರೆಯೇ ಮಜಾ. ಊರು ಬಹುಪಾಲು ಸಮತಟ್ಟು, ಸಾಲ್ಜಾಖ್ ನದಿಯ ದಂಡೆಗುಂಟ ಸೈಕಲ್ ದಾರಿ ಇದೆ. ಗುಂಪಿನಲ್ಲಿ ಮೂರೂವರೆ ಗಂಟೆಯ ಸವಾರಿ, ಗೈಡಿನ ಸೈಕಲ್ಲಿಗೆ ಕಟ್ಟಿದ ಸ್ಪೀಕರಿನಲ್ಲಿ ಹಾಡು. ನಮ್ಮ ಗೈಡ್ ಒಳ್ಳೇ ಕತೆಗಾರ್ತಿ. ಲೆಯೊಪೋಲ್ಡ್ಸ್‌ಕ್ರೋನ್ ಕೆರೆಯ ಪಕ್ಕ ನಿಲ್ಲಿಸಿ ದೋಣಿ ಮಗುಚುವ ದೃಶ್ಯದ ಬಗ್ಗೆ ಹೇಳಿದಳು. ಪುಟ್ಟ ಗ್ರೆಟ್ಲ್ ಪಾತ್ರದ ಹುಡುಗಿಗೆ ಈಜು ಬರುತ್ತಿರಲಿಲ್ಲ, ನೀರು ಕುಡಿದು ಪಾಪ ಒದ್ದಾಡಿಬಿಟ್ಟಳು. ಅದೇ ದಡದಲ್ಲಿ ನಿಂತು ಕೇಳಿದ ಮೇಲೆ ಆ ದೃಶ್ಯಕ್ಕೆ ಮೊದಲಿನ ಹಾಗೆ ನಗು ಬರುವುದಿಲ್ಲ.

ಸಿನಿಮಾದ ಮನೆ ಒಂದೇ ಮನೆ ಅಲ್ಲ ಅನ್ನುವುದು ನನಗೆ ಸರಿಯಾಗಿ ತಲೆಗೆ ಹೋದದ್ದೂ ಸೈಕಲ್ ಮೇಲೆಯೇ. ಕೆರೆಯ ಕಡೆಯ ದೃಶ್ಯಗಳು ಲೆಯೊಪೋಲ್ಡ್ಸ್‌ಕ್ರೋನ್ ದಡದಲ್ಲಿ, ಮನೆಯ ಮುಂಬಾಗಿಲು ಫ್ರೋನ್‌ಬರ್ಗ್ ಎಂಬ ಇನ್ನೊಂದು ದೊಡ್ಡ ಮನೆಯಲ್ಲಿ, ಒಳಗಿನ ಹಾಲ್, ಮೆಟ್ಟಿಲುಗಳೆಲ್ಲ ಹಾಲಿವುಡ್ ಸೆಟ್. ಫ್ರೋನ್‌ಬರ್ಗ್ ಇರುವುದು ಹೆಲ್‌ಬ್ರುನ್ನರ್ ಆಲ್ಲೇ ಎಂಬ ಸಾಲುಮರದ ದಾರಿಯಲ್ಲಿ. ಕಾರುಗಳ ಕಾಟ ಇಲ್ಲ. ಗಿಟಾರ್ ಪೆಟ್ಟಿಗೆ ಹಿಡಿದು ಮರಿಯಾ ಓಡಿ ಬರುವ ಹಳದಿ ಗೋಡೆ ಇಲ್ಲೇ ಇದೆ. ಈಗ ಆ ಮನೆ ಮೋಟ್ಸಾರ್ಟೇಮ್ ಸಂಗೀತ ವಿಶ್ವವಿದ್ಯಾಲಯದ ಹಾಸ್ಟೆಲ್ಲು. ಗೇಟಿನ ಹೊರಗೆ ನಿಂತು ನೋಡಬಹುದು, ಒಳಗೆ ನುಗ್ಗಬಾರದು.

ಸೈಕಲ್ಲಿನ ದೊಡ್ಡ ತಲೆನೋವು ಮಳೆ. ಸಾಲ್ಜ್‌ಬರ್ಗ್ ಮಳೆಯ ಊರು, ಸಿನಿಮಾದವರಿಗೂ ಮಳೆಯಿಂದಲೇ ಚಿತ್ರೀಕರಣ ತಡವಾಗಿತ್ತು. ನಾವು ಹೋದಾಗ ಅರ್ಧ ದಾರಿಯಲ್ಲಿ ಶುರುವಾಯಿತು, ರೇನ್‌ಕೋಟಿನೊಳಗೆ ಬೆವರು, ಹೊರಗೆ ನೀರು. ಮಂಡಿನೋವಿನ ಅಮ್ಮ ಬರಲಿಲ್ಲ, ಒಳ್ಳೆಯದೇ ಆಯಿತು. ಗುಂಪಿನ ಜೊತೆ ಹೋದರೆ ಇಲ್ಲೂ ಆತುರ ಇದ್ದೇ ಇರುತ್ತದೆ, ಆದರೆ ಬಸ್ಸಿನಷ್ಟು ಜಾಸ್ತಿ ಅಲ್ಲ.

ಇನ್ನು ನಡಿಗೆ. ಮಿರಾಬೆಲ್ ತೋಟಕ್ಕೆ ಟಿಕೆಟ್ ಇಲ್ಲ. ಬೆಳಗ್ಗೆ ಟೂರ್ ಬಸ್ಸುಗಳು ಬರುವ ಮುಂಚೆ ಹೋಗಿಬಿಡಿ. ಡೋ-ರೆ-ಮಿ ಹಾಡಿನ ಕೊನೆಯ ಭಾಗ ಅಲ್ಲಿ ತೆಗೆದದ್ದು. ಪೆಗಾಸಸ್ ಕಾರಂಜಿಯ ಹತ್ತಿರ ನಿಂತು ಮೊಬೈಲಿನಲ್ಲಿ ಹಾಡಿನ ದೃಶ್ಯವನ್ನು ತಡೆದು ನಿಲ್ಲಿಸಿದೆ. ಮಕ್ಕಳು ಸಾಲಾಗಿ ಕಟ್ಟೆಯ ಮೇಲೆ ನಡೆಯುವ ಚಿತ್ರ. ಫೋನನ್ನು ಮುಖದ ಮುಂದೆ ಹಿಡಿದು ಎರಡು ಹೆಜ್ಜೆ ಎಡಕ್ಕೆ, ಒಂದು ಹಿಂದಕ್ಕೆ, ಸ್ವಲ್ಪ ಬಗ್ಗಿ. ಹಿಂದಿನ ರೆಕ್ಕೆಯ ಕುದುರೆಯೂ ತೆರೆಯ ಕುದುರೆಯೂ ಒಂದರ ಮೇಲೊಂದು ಕೂತವು! ಪಕ್ಕದಲ್ಲಿ ಗಿಡಕ್ಕೆ ನೀರು ಹಾಕುತ್ತಿದ್ದವನು ನನ್ನನ್ನು ಒಮ್ಮೆ ನೋಡಿ ತನ್ನ ಕೆಲಸಕ್ಕೆ ತಿರುಗಿದ. ಇಂಥವರನ್ನು ದಿನಾ ನೋಡಿ ಅವನಿಗೆ ಅಭ್ಯಾಸವಾಗಿರಬೇಕು. ಆ ಒಂದು ಕೋನ ಸಿಗಲು ಅರ್ಧ ಗಂಟೆಗೂ ಜಾಸ್ತಿ ಹಿಡಿಯಿತು. ಬಸ್ಸಿನವರು ಅಷ್ಟು ಹೊತ್ತು ಕಾಯುತ್ತಾರಾ?

ನೊನ್‌ಬರ್ಗ್‌ಗೂ ಮೆಟ್ಟಿಲು ಹತ್ತಿಯೇ ಹೋಗಬೇಕು. ಸುಮಾರು 714ರಲ್ಲಿ ಶುರುವಾದ ಮಠ, ಇವತ್ತಿಗೂ ಸನ್ಯಾಸಿನಿಯರು ಇದ್ದಾರೆ. ಸಿನಿಮಾದವರಿಗೆ ಒಳಗೆ ಚಿತ್ರೀಕರಿಸಲು ಬಿಡಲಿಲ್ಲ, ಆದರೆ ಮಕ್ಕಳು ಮರಿಯಾಳನ್ನು ಹುಡುಕಿಕೊಂಡು ಬಂದು ಗಂಟೆ ಬಾರಿಸುವ ಗೇಟು ಇದೇ. ಮೊಬೈಲಿನ ಸದ್ದು ಆಫ್ ಮಾಡಿ ನಿಲ್ಲಿ, ಅದು ಬಳಕೆಯಲ್ಲಿರುವ ಮಠ. ಮೋಟ್ಸಾರ್ಟ್ ಕಾಲುಸೇತುವೆ, ರೆಸಿಡೆನ್ಜ್ ಚೌಕದ ಕಾರಂಜಿ ದಾರಿಯಲ್ಲೇ ಸಿಗುತ್ತವೆ. ಸೇಂಟ್ ಪೀಟರ್ ಸ್ಮಶಾನ ನೋಡಿ ‘ಕುಟುಂಬ ನಾಜಿಗಳಿಂದ ತಪ್ಪಿಸಿಕೊಂಡು ಇಲ್ಲೇ ಅಡಗಿತ್ತು’ ಅನ್ನಬೇಡಿ. ಅದನ್ನು ನೋಡಿ ಹಾಲಿವುಡ್‌ನಲ್ಲಿ ಸೆಟ್ ಕಟ್ಟಿದ್ದು. ಕುಟುಂಬ ಕೊನೆಯ ಬಾರಿ ಹಾಡುವ ಫೆಲ್‌ಸೆನ್‌ರೈಟ್‌ಶೂಲೆ ಮಾತ್ರ ಅಸಲಿ. ಬಂಡೆ ಕಡಿದು ಮೂರು ಸಾಲು ಕಮಾನು ಮಾಡಿದ ರಂಗಮಂದಿರ. ಒಳಗೆ ನೋಡಲು ಅದನ್ನು ನಡೆಸುವ ಸಾಲ್ಜ್‌ಬರ್ಗ್ ಉತ್ಸವದವರ ಗೈಡೆಡ್ ಟೂರ್ ಬೇಕು.

ಒಬ್ಬರೇ ಸುತ್ತುವಾಗ ಊರಿನವರನ್ನು ಸಿನಿಮಾದ ಹೆಸರು ಹೇಳಿ ದಾರಿ ಕೇಳಬೇಡಿ. ಆಸ್ಟ್ರಿಯಾದ ಬಹಳ ಜನ ಆ ಸಿನಿಮಾ ನೋಡಿಯೇ ಇಲ್ಲ. ಜಾಗದ ಹೆಸರು ಹೇಳಿದರೆ ತೋರಿಸುತ್ತಾರೆ.

ವಯಸ್ಸಾದವರು, ಮಕ್ಕಳು ಜೊತೆಗಿದ್ದರೆ ಬಸ್ಸೇ ಸರಿ, ಅಮ್ಮನ ಮತವೂ ಅದಕ್ಕೇ. ನನ್ನನ್ನು ಕೇಳಿದರೆ ಗುಂಪು ಬಿಟ್ಟು ಸೈಕಲ್ ಬಾಡಿಗೆಗೆ ತೆಗೆದುಕೊಂಡು ಲೆಯೊಪೋಲ್ಡ್ಸ್‌ಕ್ರೋನ್, ಫ್ರೋನ್‌ಬರ್ಗ್, ಹೆಲ್‌ಬ್ರುನ್ ಮುಗಿಸಿ. ಹಳೇ ಊರನ್ನು ನಡೆದು ನೋಡಿ. ಮೋಂಡ್‌ಸೀಗೆ 140ನೇ ನಂಬರಿನ ಸಾಮಾನ್ಯ ಬಸ್ಸು ಇದೆ, ಅಲ್ಲಿ ಎಷ್ಟು ಹೊತ್ತು ಬೇಕಾದರೂ ಕೂರಬಹುದು. ಮಳೆ ಬಂದರೆ ಹೆಲ್‌ಬ್ರುನ್‌ಗೂ 25ನೇ ನಂಬರ್ ಬಸ್ಸು ಹೋಗುತ್ತದೆ.

ನಾನು ಹೋದ ಬಸ್ಸೂ ಸೈಕಲ್ ಗುಂಪೂ ವೆರ್ಫೆನ್ ಎಂಬ ಊರನ್ನು ಮುಟ್ಟಲಿಲ್ಲ. ಡೋ-ರೆ-ಮಿ ಶುರುವಾಗುವ ಹುಲ್ಲುಗಾವಲು, ಹಿಂದೆ ಕೋಟೆ ಕಾಣುವ ಜಾಗ, ಇರುವುದು ಅಲ್ಲಿ. ಸಾಲ್ಜ್‌ಬರ್ಗ್‌ನಿಂದ ರೈಲಿನಲ್ಲಿ ಮುಕ್ಕಾಲು ಗಂಟೆಯ ಹಾದಿ, ಆಮೇಲೆ ಏರುದಾರಿಯ ನಡಿಗೆ. ಬುತ್ತಿ ಕಟ್ಟಿಕೊಂಡು ಹೋಗಿ, ಮೇಲೆ ಹೋಟೆಲ್ ಹುಡುಕುವ ಗೋಜು ಬೇಡ.