ಒಸಡಿನ ರಕ್ತ ನಿಂತಿತು ಅಂತ ಖುಷಿಪಟ್ಟೆ, ಮೋಸ ಹೋದದ್ದು ಅಲ್ಲೇ

ನಮ್ಮ ಕಾಸರಗೋಡಿನ ಬದಿಯಡ್ಕ, ಪೆರ್ಲ, ನೀರ್ಚಾಲು, ಕುಂಬಳೆ ಕಡೆಯವ್ರು ಯಾರಿಗಾದ್ರೂ ಹಲ್ಲುಜ್ಜುವಾಗ ಒಸಡಿಂದ ರಕ್ತ ಬರ್ತಾ ಇದ್ರೆ, ಇಲ್ಲಾ ಮೊದ್ಲು ಬರ್ತಿದ್ದದ್ದು ಈಗ ಮದ್ದು ಎಂತದ್ದೂ ಮಾಡದೆ ನಿಂತಿದ್ರೆ, ಇದನ್ನೊಮ್ಮೆ ಪೂರ್ತಿ ಓದಿ. ಉದ್ದ ಆಗ್ತದೆ, ಐದು ವರ್ಷದ ಕತೆ. ನಾನು ಡಾಕ್ಟ್ರಲ್ಲ, ಸ್ವಲ್ಪ ಅಡಿಕೆ ತೋಟ ಉಂಟು, ಒಂದು ಸಣ್ಣ ಅಂಗಡಿ ಉಂಟು, ಅಷ್ಟೆ. ಕ್ಲಿನಿಕ್‌ಗಳ ಹೆಸ್ರು ಹಾಕೂದಿಲ್ಲ, ಕೇಳಿದ್ರೂ ಹೇಳೂದಿಲ್ಲ, ಯಾಕೆ ಅಂದ್ರೆ ತಪ್ಪು ಒಬ್ರದ್ದಲ್ಲ, ಮೂರು ಕಡೆ ಒಂದೇ ತಪ್ಪು ಆಗಿದೆ, ನಾಲ್ಕನೇ ತಪ್ಪು ನಂದೇ.

2019ರಲ್ಲಿ ಶುರು ಆದದ್ದು. ಮನೆ ಹಿಂದಿನ ಪೇರಳೆ ಕಚ್ಚಿದೆ, ನೋಡಿದ್ರೆ ಬಿಳಿ ತಿರುಳಿನ ಮೇಲೆ ಕೆಂಪು ಗೆರೆ. ಬೆಳಿಗ್ಗೆ ಉಗುಳಿದ್ರೂ ಕೆಂಪು. ಪೇಟೆಯಲ್ಲಿ ಒಬ್ರ ಹತ್ರ ಹೋದೆ, ಅವ್ರಿಗೆ ಕನ್ನಡ ಬರೂದಿಲ್ಲ, ನನ್ನ ಮಲಯಾಳಂ ಅಂಗಡಿ ವ್ಯಾಪಾರಕ್ಕೆ ಸಾಕಾಗುವಷ್ಟು ಮಾತ್ರ. ಕನ್ನಡಿ ಹಾಕಿ, ಲೈಟ್ ಬಿಟ್ಟು, ಅರ್ಧ ನಿಮಿಷ ನೋಡಿ, "ಮೋಣವೀಕ್ಕಂ, ಕುಳಪ್ಪಮಿಲ್ಲ" ಅಂದ್ರು. ಒಸಡು ಊದಿದೆ, ತೊಂದ್ರೆ ಎಂತ ಇಲ್ಲ ಅಂತ. 800 ರೂಪಾಯಿಗೆ ಕ್ಲೀನಿಂಗ್, ಒಂದು ಮೌತ್‌ವಾಶ್ ಬಾಟ್ಲಿ. ಭಾಷೆ ಗೊತ್ತಿಲ್ಲದ್ದಕ್ಕೆ ಹೀಗಾಯ್ತು ಅಂತ ನಾನು ಕೆಲವು ಸಮಯ ಅಂದ್ಕೊಂಡಿದ್ದೆ, ಆದ್ರೆ ಆಮೇಲೆ ಅಚ್ಚ ಕನ್ನಡ ಮಾತಾಡುವ ಡಾಕ್ಟ್ರ ಹತ್ರ ಹೋದದ್ರಲ್ಲೂ ಕತೆ ಅದೇ ಆಯ್ತು ಮಾರಾಯ್ರೆ, ಹಾಗಾಗಿ ಅದನ್ನು ಹೇಳಿ ಪ್ರಯೋಜನ ಇಲ್ಲ.

ಕ್ಲೀನ್ ಮಾಡ್ಸಿ ಬಂದ ಮೇಲೆ ಕೆಳಗಿನ ಎದುರು ಹಲ್ಲುಗಳ ನಡುವೆ ಸಂದಿ ಕಾಣ್ಲಿಕ್ಕೆ ಶುರು ಆಯ್ತು, ಹಲ್ಲು ಜುಮ್ ಅಂತದೆ, ಸ್ವಲ್ಪ ಅಲ್ಲಾಡಿದ ಹಾಗೆ ಅನಿಸ್ತದೆ. ಆಚೆಮನೆ ಮಾವ ಹೇಳಿದ್ರು, ನೋಡು, ಕ್ಲೀನ್ ಮಾಡ್ಸಿದ್ರೆ ಹಲ್ಲು ಸಡಿಲ ಆಗ್ತದೆ ಅಂತ ನಾನು ಮೊದ್ಲೇ ಹೇಳಿಲ್ವಾ. ಇದನ್ನು ನಾನು ನಂಬಿದೆ, ಇನ್ನು ಕ್ಲೀನಿಂಗಿನ ಸುದ್ದಿಯೇ ಬೇಡ ಅಂತ ಬಿಟ್ಟೆ. ನಿಜ ಎಂತ ಅಂದ್ರೆ ಹಲ್ಲು ಮೊದ್ಲೇ ಸಡಿಲ ಆಗಿತ್ತು, ಸಂದಿ ಮೊದ್ಲೇ ಬಿದ್ದಿತ್ತು, ಅದನ್ನು ಕಲ್ಲು ಕಟ್ಟಿದ ಕೊಳೆ ಮುಚ್ಚಿ ಹಿಡಿದಿತ್ತು. ಕೊಳೆ ತೆಗೆದಾಗ ಒಳಗಿನ ಸ್ಥಿತಿ ಕಂಡಿತು. ಅದು ಕಂಡಾಗಲೇ ನಾನು ಹೆದರಿ ಇನ್ನೊಂದು ಕಡೆ ತೋರಿಸ್ಬೇಕಿತ್ತು, ನಾನು ಹೆದರಿ ಮನೆಯಲ್ಲಿ ಕೂತೆ.

ಮಂಗಳೂರಿಗೆ ಹೋಗುವ ಅಂತ ಹೆಂಡತಿ ಹೇಳ್ತಾ ಇದ್ಲು, 2020ರ ಮಾರ್ಚಲ್ಲಿ ಕೊರೊನಾ ಅಂತ ತಲಪಾಡಿಯ ಕೇರಳ-ಕರ್ನಾಟಕ ಗಡಿ ಬಂದ್ ಆಯ್ತು, ಆ ಸಮಯ ನಮ್ಮ ಜಿಲ್ಲೆಯವ್ರಿಗೆ ಗೊತ್ತುಂಟು, ಆಂಬುಲೆನ್ಸ್‌ಗೇ ದಾರಿ ಇರ್ಲಿಲ್ಲ, ಇನ್ನು ಹಲ್ಲಿಗೆ ಯಾರು ಬಿಡ್ತಾರೆ. ಅಂಗಡಿ ಬಾಗಿಲು ಹಾಕಿ ಮನೆಯಲ್ಲಿ ಕೂತಲ್ಲಿ ನನ್ನ ಸಿಗರೇಟ್ ದಿನಕ್ಕೆ ಐದರಿಂದ ಹತ್ತು ಹನ್ನೆರಡಕ್ಕೆ ಹೋಯ್ತು. ಮತ್ತೆ ಒಂದು ದಿನ ಗಮನಿಸಿದೆ, ಒಸಡಿಂದ ರಕ್ತ ಬರೂದಿಲ್ಲ! ಬಣ್ಣವೂ ಕೆಂಪು ಹೋಗಿ ಪೇಲವ ಆಗಿದೆ. ಮೌತ್‌ವಾಶ್ ಕೆಲ್ಸ ಮಾಡಿತು ಅಂತ ಖುಷಿಯಲ್ಲಿ ಇನ್ನೂ ನಾಲ್ಕು ಬಾಟ್ಲಿ ತರಿಸಿದೆ.

ಇಲ್ಲೇ ಎಲ್ರೂ ಗಮನ ಕೊಡಿ. ಸಿಗರೇಟು, ಬೀಡಿ ಸೇದುವವ್ರಿಗೆ ಒಸಡಿನ ಖಾಯಿಲೆ ಜೋರಿದ್ರೂ ರಕ್ತ ಕಮ್ಮಿ ಬರ್ತದೆ. ಹೊಗೆ ಆ ಲಕ್ಷಣವನ್ನು ಮುಚ್ಚಿ ಹಾಕ್ತದೆ, ಒಳಗೆ ಹಲ್ಲನ್ನು ಹಿಡಿದಿಡುವ ಎಲುಬು ಕರಗೂದು ಮಾತ್ರ ನಿಲ್ಲೂದಿಲ್ಲ, ಇನ್ನೂ ಜೋರಾಗ್ತದೆ. ಇದು ನನಗೆ ಗೊತ್ತಾದದ್ದು ನಾಲ್ಕು ವರ್ಷ ಕಳೆದ ಮೇಲೆ. ಮತ್ತೆ ಆ ಮೌತ್‌ವಾಶ್ ಕ್ಲೋರ್‌ಹೆಕ್ಸಿಡಿನ್, ಕೆಲವು ದಿನಕ್ಕೆ ಅಂತ ಕೊಟ್ಟದ್ದನ್ನು ನಾನು ವರ್ಷ ಇಡೀ ಬಾಯಿ ಮುಕ್ಕಳಿಸಿದೆ, ಹಲ್ಲೆಲ್ಲ ಕಷಾಯದ ಬಣ್ಣಕ್ಕೆ ತಿರುಗಿತು, ಸಾಂಬಾರಿಗೆ ಉಪ್ಪು ಹಾಕಿದ್ದಾಳಾ ಇಲ್ವಾ ಅಂತ ಗೊತ್ತಾಗ್ತಿರ್ಲಿಲ್ಲ, ಅದಕ್ಕೂ ಮನೆಯಲ್ಲಿ ಜಗಳ.

2021ರಲ್ಲಿ ಎರಡನೇ ಕ್ಲಿನಿಕ್. ಬಲಗಡೆ ದವಡೆ ನೋವು. ಅಲ್ಲಿ ಸ್ಕ್ಯಾನ್ ಸೆಂಟರಿಗೆ ಕಳಿಸಿ ಬಾಯಿ ಇಡೀ ಒಂದೇ ಫಿಲ್ಮಲ್ಲಿ ಬರುವ ಓಪಿಜಿ ಎಕ್ಸರೇ ತೆಗೆಸಿದ್ರು, ಒಂದು ಹುಳುಕು ತುಂಬಿಸಿದ್ರು. ಒಸಡು ನೋಡಿ "ಅಗ್ರೆಸಿವ್ ಪಯೋರಿಯಾ" ಅಂದ್ರು, ಅಂದ್ರೆ ಬೇಗ ಬೇಗ ಜೋರಾಗುವ ಒಸಡಿನ ಖಾಯಿಲೆ, ಲೇಸರ್ ಮಾಡ್ಸಿ ಅಂದ್ರು, 4,500 ರೂಪಾಯಿ. ಲೇಸರ್ ತಪ್ಪು ಅಂತ ನಾನು ಹೇಳೂದಿಲ್ಲ, ಎಷ್ಟು ಆಳ ಉಂಟು ಅಂತ ಅಳೆಯದೆ ಮಾಡಿದ್ರಲ್ಲ ಅದು ನನ್ನ ತಕರಾರು. ಬಾವಿ ತೋಡುವವನೂ ಹಗ್ಗ ಬಿಟ್ಟು ನೋಡ್ತಾನೆ. ಎಕ್ಸರೇ ಕವರನ್ನು ತಂದು ಕಪಾಟಿನ ಮೇಲೆ ಇಟ್ಟೆ, ಒಳಗಿನ ರಿಪೋರ್ಟ್ ಓದ್ಲಿಲ್ಲ. ಅವ್ರೂ ಓದಿ ಹೇಳ್ಲಿಲ್ಲ.

2023ರಲ್ಲಿ ಹಲಸಿನ ಹಪ್ಪಳ ತಿನ್ನುವಾಗ ಕೆಳಗಿನ ಎಡದವಡೆಯ ಹಲ್ಲು ಪಕ್ಕಕ್ಕೆ ವಾಲಿದ ಹಾಗೆ ಆಯ್ತು. ಮೂರನೇ ಕ್ಲಿನಿಕ್ಕಲ್ಲಿ ಹತ್ತು ನಿಮಿಷದಲ್ಲಿ ಕಿತ್ತು ಕೈಗೆ ಕೊಟ್ರು, ಎಕ್ಸರೇ ಇಲ್ಲ ಎಂತ ಇಲ್ಲ. ಯಾಕೆ ಹೀಗಾಯ್ತು ಡಾಕ್ಟ್ರೇ ಅಂದ್ರೆ "ವಯಸ್ಸಾಗ್ತಾ ಬಂತಲ್ವಾ" ಅಂತ. ನನಗೆ ಆಗ 43. ಇನ್ನೂ ಎರಡು ಹಲ್ಲು ತೆಗೆದು ಮೂರಕ್ಕೂ ಸೇರಿ ಇಂಪ್ಲಾಂಟ್, ಅಂದ್ರೆ ಎಲುಬಿಗೆ ಸ್ಕ್ರೂ ಕೂರಿಸಿ ಕಟ್ಟುವ ಹಲ್ಲು, ಹಾಕುವ ಅಂತ ಒಂದು ಚೀಟಿಯಲ್ಲಿ ಬರೆದು ಕೊಟ್ರು, ಆ ಮೊತ್ತ ನೋಡಿದ್ಮೇಲೆ ಅಡಿಕೆ ರೇಟ್ ನೋಡಿ ಸುಮ್ಮನಾದೆ. ಆ ಬಡತನ ಒಳ್ಳೆದೇ ಮಾಡಿತು ಅನ್ನಿ, ಆ ಎರಡು ಹಲ್ಲು ಈಗ್ಲೂ ನನ್ನ ಬಾಯಲ್ಲೇ ಉಂಟು.

ಕೊನೆಗೆ 2024ರಲ್ಲಿ ಭಾವ ಒತ್ತಾಯ ಮಾಡಿ ಮಂಗಳೂರಿನ ಒಂದು ಡೆಂಟಲ್ ಕಾಲೇಜಿಗೆ ಕರ್ಕೊಂಡು ಹೋದ. ಒಸಡಿಗೇ ಬೇರೆ ಡಿಪಾರ್ಟ್‌ಮೆಂಟ್ ಇರ್ತದೆ ಅಂತ ನನಗೆ ಅಲ್ಲಿವರೆಗೆ ಗೊತ್ತಿರ್ಲಿಲ್ಲ, ಪೆರಿಯೊಡಾಂಟಿಕ್ಸ್ ಅಂತಾರೆ. ಅಲ್ಲಿ ಪಿಜಿ ಕೋರ್ಸ್ ಓದುವ ಒಬ್ಳು ಡಾಕ್ಟ್ರ ಹುಡುಗಿ ತೆಳ್ಳಗಿನ ಕಡ್ಡಿ ತೆಗೆದ್ಲು, ಪ್ರೋಬ್ ಅಂತಾರೆ, ಅದ್ರ ಮೇಲೆ ಸ್ಕೇಲಿನ ಹಾಗೆ ಗೆರೆ. ಹಲ್ಲಿಗೂ ಒಸಡಿಗೂ ನಡುವೆ ಮೆಲ್ಲ ಇಳಿಸೂದು, ನಂಬರ್ ಹೇಳೂದು, ಪಕ್ಕದಲ್ಲಿ ಇನ್ನೊಬ್ಬ ಬರ್ಕೊಳ್ಳೂದು. ಹೊರಬದಿ ಮೂರು ಜಾಗ, ಒಳಬದಿ ಮೂರು ಜಾಗ, ಒಂದು ಹಲ್ಲಿಗೆ ಆರು, ನನ್ನ 27 ಹಲ್ಲಿಗೆ 162 ನಂಬರ್. "ತ್ರೀ, ಟೂ, ತ್ರೀ" ಅಂತ ಹೋಗ್ತಾ ಇತ್ತು, ಬಲಗಡೆ ದವಡೆಗೆ ಬಂದಾಗ "ಸೆವೆನ್" ಅಂದ್ಲು, ಬರ್ಕೊಳ್ಳುವ ಹುಡುಗ ತಲೆ ಎತ್ತಿ ನೋಡಿದ. ನನಗೆ ಇಂಗ್ಲಿಷ್ ಅಷ್ಟು ಬರೂದಿಲ್ಲ, ಆದ್ರೆ ಆ ನೋಟ ಅರ್ಥ ಆಯ್ತು.

ಸರಿ ಇರುವ ಒಸಡಲ್ಲಿ 1ರಿಂದ 3 ಮಿ.ಮೀ. ಇಳೀತದೆ ಅಷ್ಟೆ. ಇನ್ನೊಂದು ವಿಷ್ಯ ಅಲ್ಲಿ ಕಲಿತದ್ದು, ಆಳ ಮಾತ್ರ ನೋಡಿದ್ರೆ ಸಾಕಾಗೂದಿಲ್ಲ. ನನ್ನ ಒಂದು ಎದುರು ಹಲ್ಲಲ್ಲಿ ಆಳ 4 ಮಾತ್ರ, ಆದ್ರೆ ಒಸಡು ಆಗ್ಲೇ 3 ಮಿ.ಮೀ. ಕೆಳಗೆ ಸರಿದಿತ್ತು, ಎರಡೂ ಕೂಡಿಸಿದ್ರೆ ಹಲ್ಲಿನ ಹಿಡಿತ ಹೋದದ್ದು 7 ಮಿ.ಮೀ. ಮಳೆಗೆ ಬುಡದ ಮಣ್ಣು ಕೊಚ್ಚಿಹೋದ ಅಡಿಕೆ ಮರ ನೋಡಿದ್ದೀರಲ್ಲ, ಗುಂಡಿ ಎಷ್ಟು ಆಳ ಅಂತ ಕೇಳಿದ್ರೆ ಸ್ವಲ್ಪವೇ, ಆದ್ರೆ ಬೇರು ಎಷ್ಟು ಹೊರಗೆ ಬಂದಿದೆ ಅಂತ ನೋಡ್ಬೇಕು.

ಕೇಸ್ ಶೀಟಿನ ಹಿಂದೆ ಪೆನ್ನಲ್ಲಿ ಗೆರೆ ಎಳೆದು ಅವ್ಳು ಹೇಳಿಕೊಟ್ಲು. ಬರೀ ಒಸಡು ಊದಿ ಎಲುಬು ಸರಿ ಇದ್ರೆ ಅದು ಜಿಂಜಿವೈಟಿಸ್, ಕೊಳೆ ತೆಗೆದು ಸರಿಯಾಗಿ ಉಜ್ಜಿದ್ರೆ ಪೂರ್ತಿ ಗುಣ ಆಗ್ತದೆ. ಎಲುಬು ಕರಗ್ಲಿಕ್ಕೆ ಶುರು ಆದ್ರೆ ಪೆರಿಯೊಡಾಂಟೈಟಿಸ್, ಹೋದ ಎಲುಬು ಅಷ್ಟು ಸುಲಭಕ್ಕೆ ವಾಪಸ್ ಬರೂದಿಲ್ಲ. ಹಿಡಿತ 1–2 ಮಿ.ಮೀ. ಹೋಗಿದ್ರೆ ಸ್ಟೇಜ್ 1, 3–4 ಹೋಗಿದ್ರೆ ಸ್ಟೇಜ್ 2, 5 ಇಲ್ಲಾ ಅದಕ್ಕಿಂತ ಹೆಚ್ಚು ಹೋಗಿದ್ರೆ ಸ್ಟೇಜ್ 3, ಅದ್ರ ಮೇಲೆ ಈ ಖಾಯಿಲೆಯಿಂದಲೇ ಐದೋ ಹೆಚ್ಚೋ ಹಲ್ಲು ಹೋಗಿ ಜಗಿಯೂದೇ ಕಷ್ಟ ಆಗಿದ್ರೆ ಸ್ಟೇಜ್ 4. ಎರಡನೇ ಕ್ಲಿನಿಕ್ಕಿನ "ಅಗ್ರೆಸಿವ್" ಚೀಟಿ ತೋರಿಸಿದೆ, ನಕ್ಕಳು. ಕ್ರೋನಿಕ್ (ನಿಧಾನಕ್ಕೆ ಹೋಗೂದು), ಅಗ್ರೆಸಿವ್ ಅಂತ ಎರಡು ಜಾತಿ ಮಾಡಿದ್ದು 1999ರ ಪಟ್ಟಿ ಅಂತೆ, 2017ರಲ್ಲಿ ಅಮೆರಿಕ, ಯುರೋಪಿನ ಒಸಡು ತಜ್ಞರು ಒಟ್ಟಿಗೆ ಕೂತು ಅದನ್ನು ಬಿಟ್ಟು ಸ್ಟೇಜ್ ಗ್ರೇಡ್ ಮಾಡಿದ್ರು, 2018ರಲ್ಲಿ ಅದು ಅಚ್ಚಾಯ್ತು. ನನಗೆ ಚೀಟಿ ಕೊಟ್ಟದ್ದು 2021ರಲ್ಲಿ.

ಸ್ಟೇಜ್ ಅಂದ್ರೆ ಎಷ್ಟು ಹಾಳಾಗಿದೆ, ಗ್ರೇಡ್ ಅಂದ್ರೆ ಎಷ್ಟು ಬೇಗ ಹಾಳಾಗ್ತಾ ಉಂಟು. ಹಳೆ ಎಕ್ಸರೇ ಉಂಟಾ ಅಂತ ಕೇಳಿದ್ಲು, ತರ್ಲಿಲ್ಲ ಅಂದೆ. ಹಾಗಾದ್ರೆ ಲೆಕ್ಕ ಮಾಡುವ ಅಂತ ಹೊಸ ಎಕ್ಸರೇಯಲ್ಲಿ ಅತಿ ಹೆಚ್ಚು ಹಾಳಾದ ಹಲ್ಲು ಹುಡುಕಿದ್ಲು, ಬೇರಿನ ಉದ್ದದಲ್ಲಿ ಶೇ. 55 ಎಲುಬು ಹೋಗಿದೆ, "ಅಣ್ಣ, ನಿಮ್ಗೆ ವರ್ಷ ಎಷ್ಟು?" 44 ಅಂದೆ. 55ನ್ನು 44ರಿಂದ ಭಾಗಿಸಿದ್ರೆ 1.25. 0.25ಕ್ಕಿಂತ ಕಮ್ಮಿ ಬಂದ್ರೆ ಗ್ರೇಡ್ ಎ, ಒಂದರವರೆಗೆ ಬಿ, ಒಂದಕ್ಕಿಂತ ಮೇಲೆ ಹೋದ್ರೆ ಸಿ, ಅಂದ್ರೆ ಅತಿ ಬೇಗ ಹಾಳಾಗೂದು. ದಿನಕ್ಕೆ ಹತ್ತು ಇಲ್ಲಾ ಅದಕ್ಕಿಂತ ಹೆಚ್ಚು ಸಿಗರೇಟ್ ಸೇದುವವ್ರಿಗೂ ಸಿ. ಹಾಗೇ ರಕ್ತ ಪರೀಕ್ಷೆಗೂ ಬರೆದ್ಲು, ನನಗೆ ಶುಗರ್ ಇಲ್ಲ ಅಂತ ವಾದ ಮಾಡಿದೆ, ಎರಡು ಮೂರು ತಿಂಗ್ಳ ಶುಗರ್ ಸರಾಸರಿ ತೋರಿಸುವ ಎಚ್‌ಬಿಎ1ಸಿ ಬಂದದ್ದು 8.4. ಅದು 7 ಮುಟ್ಟಿದ್ರೇ ಸಿ. ನನಗೆ ಡಯಾಬಿಟಿಸ್ ಉಂಟು ಅಂತ ಹೇಳಿದ್ದು ಹಲ್ಲಿನ ಆಸ್ಪತ್ರೆ! ಶುಗರ್ ಜಾಸ್ತಿ ಆದ್ರೆ ಒಸಡು ಕೆಡ್ತದೆ, ಒಸಡು ಕೆಟ್ರೆ ಶುಗರ್ ಹಿಡಿತಕ್ಕೆ ಬರೂದು ಕಷ್ಟ, ಎರಡೂ ಒಂದಕ್ಕೊಂದು ಕೈ ಹಿಡ್ಕೊಂಡು ಹೋಗ್ತವೆ.

ಮನೆಗೆ ಬಂದು "ಸ್ಟೇಜ್ ತ್ರೀ ಅಂತೆ" ಅಂತ ಹೇಳಿದ್ದೇ ಹೇಳಿದ್ದು, ಹೆಂಡತಿ ಅಲ್ಲೇ ಕೂತು ಅತ್ತಳು. ರಾತ್ರಿ ಒಳಗೆ ಅತ್ತಿಗೆ, ಚಿಕ್ಕಮ್ಮ, ಊರಿನವ್ರೆಲ್ಲ ಫೋನ್. ಇದು ಕ್ಯಾನ್ಸರಿನ ಸ್ಟೇಜ್ ಅಲ್ಲ, ಸ್ಟೇಜ್ ಅಂತ ಹೆಸ್ರು ಮಾತ್ರ ಒಂದೇ ಅಂತ ಎಷ್ಟು ಜನಕ್ಕೆ ಹೇಳೂದು. ನಿಮ್ಗೂ ಯಾರಾದ್ರೂ ಹೀಗೆ ಬರೆದು ಕೊಟ್ರೆ ಮನೆಯವ್ರಿಗೆ ಇದನ್ನು ಮೊದ್ಲು ಹೇಳಿ, ಆಮೇಲೆ ಸ್ಟೇಜ್ ಹೇಳಿ.

ಮುಂದಿನ ಸಲ ಹೋಗುವಾಗ ಕಪಾಟಿನ ಮೇಲಿನ ಕವರ್ ತಗೊಂಡು ಹೋದೆ. ಧೂಳು ಕೊಡವಿ ರಿಪೋರ್ಟ್ ತೆಗೆದ್ರೆ ಕೊನೆಯ ಗೆರೆಯಲ್ಲಿ ಎಲ್ಲಾ ಕಡೆ ಎಲುಬು ಕಮ್ಮಿ ಆಗಿದೆ ಅಂತ ಸ್ಪಷ್ಟ ಉಂಟು. 2021ರಲ್ಲಿ. ಎರಡೂ ಫಿಲ್ಮ್ ಪಕ್ಕಪಕ್ಕ ಲೈಟಿಗೆ ಹಿಡಿದು ತೋರಿಸಿದ್ರು, ಮೂರು ವರ್ಷದಲ್ಲಿ ಎಷ್ಟು ಇಳಿದಿದೆ ಅಂತ ನನ್ನ ಕಣ್ಣಿಗೇ ಕಂಡಿತು. ಸಿಟ್ಟು ಯಾರ ಮೇಲೆ ಮಾಡೂದು ಅಂತ ಗೊತ್ತಾಗ್ಲಿಲ್ಲ, ಆ ಕಾಗದ ಮೂರು ವರ್ಷ ನನ್ನ ತಲೆ ಮೇಲೇ ಇತ್ತಲ್ಲ.

ಹಾಗಾಗಿ ನಾನು ಹೇಳೂದು ಇಷ್ಟು, ಒಸಡಿನ ತೊಂದ್ರೆ ಅಂತ ಕೂತಾಗ "ಪ್ರೋಬ್ ಹಾಕಿ ಅಳೆದು ನಂಬರ್ ಬರೆದು ಕೊಡಿ ಡಾಕ್ಟ್ರೇ" ಅಂತ ಬಾಯಿ ಬಿಟ್ಟು ಕೇಳಿ. ಇಡೀ ಬಾಯಿ ಅಳೀಲಿಕ್ಕೆ ಸಮಯ ಇಲ್ಲದಿದ್ರೆ ತುದಿಯಲ್ಲಿ ಅರ್ಧ ಮಿ.ಮೀ.ಯ ಗುಂಡು ಇರುವ ಕಡ್ಡಿ ಉಂಟು, ಅದಕ್ಕೆ 3.5ರಿಂದ 5.5ರವರೆಗೆ ಕಪ್ಪು ಪಟ್ಟಿ, ಪಟ್ಟಿ ಒಳಗೆ ಹೋಯ್ತಾ ಇಲ್ವಾ ಅಂತ ನೋಡ್ಲಿಕ್ಕೆ ಕೆಲವೇ ನಿಮಿಷ ಸಾಕು. ಕೇಳಿದ್ರೆ ಮುಖ ಗಂಟು ಹಾಕುವವ್ರು ಇರ್ತಾರೆ, ಅಂಥವ್ರ ಹತ್ರ ಹಲ್ಲು ಕೀಳಿಸ್ಬೇಡಿ. ಸೇದುವವ್ರು ರಕ್ತಕ್ಕೆ ಕಾಯ್ಬೇಡಿ. ಶುಗರ್ ಒಮ್ಮೆ ನೋಡಿಸಿ.

ಅಳೆಯದಿದ್ರೆ ಹೇಗೆ ಎರಡೂ ಬದಿಗೆ ತಪ್ಪಾಗ್ತದೆ ಅಂತ ಅಮ್ಮನ ವಿಷ್ಯದಲ್ಲಿ ನೋಡಿದೆ. ಅವ್ರ ಒಸಡು ಹಲ್ಲಿನ ಅರ್ಧಕ್ಕೆ ಬೆಳೆದು ಕೂತಿತ್ತು, ನನಗಿಂತ ಭಯಂಕರ ಕಾಣ್ತಿತ್ತು, ಆ ಮೂರನೇ ಕ್ಲಿನಿಕ್ಕಲ್ಲಿ ಎಲ್ಲಾ ಹಲ್ಲು ತೆಗೆದು ಹಲ್ಲುಸೆಟ್ ಹಾಕುವ ಅಂದಿದ್ರು. ಮಂಗಳೂರಲ್ಲಿ ಅಳೆದ್ರೆ ಕಡ್ಡಿ 5 ಇಳೀತದೆ, ಎಕ್ಸರೇಯಲ್ಲಿ ಎಲುಬು ಮಾತ್ರ ಸರಿ ಉಂಟು. ಒಸಡು ಮೇಲಕ್ಕೆ ಬೆಳೆದದ್ದಕ್ಕೆ ಗುಂಡಿ ಆಳ ಕಾಣೂದು, ಒಸಡಿನ ಗುಂಡಿಗೆ ಪಾಕೆಟ್ ಅಂತಾರೆ, ಇದು ಸುಳ್ಳು ಪಾಕೆಟ್. ಬಿಪಿಗೆ ತಗೊಳ್ಳುವ ಆಮ್ಲೋಡಿಪಿನ್ ಕೆಲವ್ರಿಗೆ ಹೀಗೆ ಮಾಡ್ತದಂತೆ. ನಾವೇ ಮಾತ್ರೆ ನಿಲ್ಲಿಸ್ಲಿಕ್ಕಿಲ್ಲ, ಬಿಪಿ ಡಾಕ್ಟ್ರಿಗೆ ಚೀಟಿ ಕೊಟ್ರು, ಅವ್ರು ಬೇರೆ ಮಾತ್ರೆ ಬರೆದ್ರು.

ನನಗೆ ಬಾಯಿಯನ್ನು ನಾಲ್ಕು ಪಾಲು ಮಾಡಿ, ಮರಗಟ್ಟಿಸಿ, ಬೇರಿನವರೆಗೆ ಕ್ಲೀನ್ ಮಾಡಿದ್ರು, ನಾಲ್ಕು ಸಲ ಕುಂಬಳೆಯಿಂದ ಬಸ್. ಸಿಗರೇಟ್ ಬಿಟ್ಟೆ, ಬಿಟ್ಟ ಮೇಲೆ ಸ್ವಲ್ಪ ದಿನ ಮತ್ತೆ ರಕ್ತ ಬಂತು, ಈ ಸಲ ಹೆದರ್ಲಿಲ್ಲ. ಎರಡು ತಿಂಗ್ಳ ಮೇಲೆ ಮತ್ತೆ ಅಳೆದಾಗ 7 ಇದ್ದಲ್ಲಿ 5, ಒಂದು ಕಡೆ ಮಾತ್ರ 6ರಲ್ಲೇ ನಿಂತಿದೆ, ಅಲ್ಲಿ ಒಸಡು ಬಿಡಿಸಿ ಫ್ಲಾಪ್ ಸರ್ಜರಿ ಮಾಡ್ತಾರಂತೆ. ಮೂರು ತಿಂಗ್ಳಿಗೊಮ್ಮೆ ಹೋಗ್ತಾ ಇರ್ಬೇಕು. ಬರುವ ಮಂಗಳವಾರ ಡೇಟ್ ಕೊಟ್ಟಿದ್ದಾರೆ, ಆಚೆಮನೆ ಮಾವನೂ ಬರ್ತೇನೆ ಅಂದಿದ್ದಾರೆ, ಅವ್ರ ಹತ್ರ ಹಳೆ ಎಕ್ಸರೇ ಉಂಟಾ ಅಂತ ಹುಡುಕ್ಲಿಕ್ಕೆ ಹೇಳಿದ್ದೇನೆ.