ಕೆನ್ಯಾ ಚುನಾವಣೆಯ ಫಾರ್ಮ್ 34ಎ ಪೋರ್ಟಲ್: ಒಂದು ವಾರ ಬಳಸಿ ನೋಡಿದವನ ರಿವ್ಯೂ

2022ರ ಆಗಸ್ಟ್‌ನಲ್ಲಿ ಕೆಲಸದ ಮೇಲೆ ನೈರೋಬಿಯಲ್ಲಿದ್ದೆ. ಆ ವಾರ ನನ್ನ ಫೋನಿನಲ್ಲಿ ವಾಟ್ಸಾಪ್‌ಗಿಂತ ಜಾಸ್ತಿ ತೆರೆದದ್ದು ಅಲ್ಲಿನ ಚುನಾವಣಾ ಆಯೋಗದ ಫಲಿತಾಂಶ ಪೋರ್ಟಲ್, ಅಂದರೆ ಪ್ರತಿ ಮತಗಟ್ಟೆಯ ಎಣಿಕೆ ಹಾಳೆಯನ್ನು (ಫಾರ್ಮ್ 34ಎ) ಹಾಕುತ್ತಿದ್ದ ವೆಬ್‌ಸೈಟ್. ಐದಕ್ಕೆ ಐದು ಸ್ಟಾರ್ ಕೊಡುತ್ತೇನೆ.

ಊರಲ್ಲಿ ಎಲ್ಲಿ ಹೋದರೂ ಉಂಗಾ ಮಾತು. ಉಂಗಾ ಅಂದರೆ ಮೆಕ್ಕೆಜೋಳದ ಹಿಟ್ಟು, ಅದರಲ್ಲೇ ನಮ್ಮ ಮುದ್ದೆಯಂಥ ಉಗಾಲಿ ಮಾಡುತ್ತಾರೆ. ಎರಡು ಕೆಜಿ ಪ್ಯಾಕೆಟ್ 205 ಶಿಲ್ಲಿಂಗ್ ಆಗಿತ್ತು, ಮತದಾನಕ್ಕೆ ಮೂರು ವಾರ ಇರುವಾಗ ಸರ್ಕಾರ ಅದನ್ನು 100ಕ್ಕೆ ಇಳಿಸಿತು. ಅಧ್ಯಕ್ಷ ಸ್ಥಾನಕ್ಕೆ ನಿಂತಿದ್ದ ಇಬ್ಬರು ಮುಖ್ಯ ಅಭ್ಯರ್ಥಿಗಳಲ್ಲಿ ಒಬ್ಬರಾದ ವಿಲಿಯಂ ರೂಟೊ ಅವರ ಪಕ್ಷದ ಗುರುತು ಒಂಟಿಚಕ್ರದ ತಳ್ಳುಗಾಡಿ. ಅವರ ಎದುರಾಳಿ ರೈಲಾ ಒಡಿಂಗಾ ಅವರನ್ನು ಜನ ‘ಬಾಬಾ’ ಅಂತಲೇ ಕರೆಯುತ್ತಿದ್ದರು. ನಮ್ಮ ಆಫೀಸಿನ ಡ್ರೈವರ್ ಬಾಬಾ ಕಡೆಯವರು, ವೋಟು ಹಾಕಲು ಕಿಸುಮು ಹತ್ತಿರದ ತಮ್ಮ ಊರಿಗೆ ಬಸ್ಸು ಹತ್ತಿದರು.

ಆಗಸ್ಟ್ 9ಕ್ಕೆ ಮತದಾನ. ಒಬ್ಬೊಬ್ಬರಿಗೆ ಆರು ಬ್ಯಾಲೆಟ್ ಪೇಪರ್! ಎಣಿಕೆಯೂ ಅದೇ ಮತಗಟ್ಟೆಯಲ್ಲಿ, ವೋಟಿಂಗ್ ಮುಗಿದ ತಕ್ಷಣ, ಏಜೆಂಟರ ಕಣ್ಣೆದುರೇ. ಅಧ್ಯಕ್ಷರಿಗೆ ಬಿದ್ದ ವೋಟಿನ ಲೆಕ್ಕವನ್ನು ಫಾರ್ಮ್ 34ಎಯಲ್ಲಿ ಕೈಯಲ್ಲಿ ಬರೆದು, ಸಹಿ ಹಾಕಿಸಿ, ಒಂದು ಪ್ರತಿಯನ್ನು ಬಾಗಿಲಿಗೆ ಅಂಟಿಸುತ್ತಾರೆ. ಅದರದ್ದೇ ಸ್ಕ್ಯಾನ್ ಪೋರ್ಟಲ್‌ಗೆ ಬರುತ್ತದೆ. 46,000ಕ್ಕೂ ಜಾಸ್ತಿ ಮತಗಟ್ಟೆ, ಹೆಚ್ಚುಕಮ್ಮಿ ಎಲ್ಲದರ ಫಾರ್ಮ್ ಯಾರು ಬೇಕಾದರೂ ನೋಡಬಹುದಿತ್ತು. ಲಾಗಿನ್ ಇರಲಿಲ್ಲ, ದುಡ್ಡು ಕೊಡಬೇಕಿರಲಿಲ್ಲ, ನನ್ನಂಥ ಪರದೇಶದವನಿಗೂ ಅಡ್ಡಿಯಿರಲಿಲ್ಲ. ಕೌಂಟಿ ಆರಿಸಿ, ಕ್ಷೇತ್ರ ಆರಿಸಿ, ವಾರ್ಡ್, ಆಮೇಲೆ ಮತಗಟ್ಟೆ, ಅಷ್ಟೇ. ನಾನಿದ್ದ ಗೆಸ್ಟ್ ಹೌಸಿನ ವೈಫೈ ಸಂಜೆಯಾದರೆ ಕೈಕೊಡುತ್ತಿತ್ತು, ಡೇಟಾ ಹಾಕಿಸಿಕೊಂಡು ನೋಡಿದೆ.

ಪೋರ್ಟಲ್‌ನಲ್ಲಿ ಫಾರ್ಮ್ ಮಾತ್ರ ಇತ್ತು, ಒಟ್ಟು ಮೊತ್ತ ಇರಲಿಲ್ಲ. ಟಿವಿ ಚಾನೆಲ್‌ಗಳು ಒಂದೊಂದು ಕಡೆಯಿಂದ ಕೂಡಿಸಲು ಶುರುಮಾಡಿದವು, ಹಾಗಾಗಿ ಒಂದರಲ್ಲಿ ರೂಟೊ ಮುಂದೆ, ಇನ್ನೊಂದರಲ್ಲಿ ಒಡಿಂಗಾ ಮುಂದೆ. ಜನರಿಗೆ ಗಾಬರಿ ಆಗದೆ ಇರುತ್ತದಾ? ಒಟ್ಟು ಲೆಕ್ಕವೂ ಜೊತೆಗಿದ್ದರೆ ಒಳ್ಳೆಯದಿತ್ತು ಅಂತ ನನ್ನ ಅನಿಸಿಕೆ.

ಮತದಾನದ ಮಾರನೆಯ ರಾತ್ರಿ ಡ್ರೈವರ್ ಫೋನ್ ಮಾಡಿದರು. ಅವರೂರಿನ ಪ್ರೈಮರಿ ಸ್ಕೂಲಿನ ಬಾಗಿಲಿಗೆ ಅಂಟಿಸಿದ ಸಂಖ್ಯೆ ಅವರು ಓದಿದರು, ನಾನು ನೈರೋಬಿಯಲ್ಲಿ ಪೋರ್ಟಲ್ ನೋಡುತ್ತಾ ಒಂದೊಂದೇ ತಾಳೆ ಹಾಕಿದೆ. ಎಲ್ಲವೂ ಸರಿಯಾಗಿತ್ತು. ಕೆಳಗಿದ್ದ ಏಜೆಂಟರ ಹೆಸರು ಓದಿದಾಗ ‘ಅವನು ನಮ್ಮ ಪಕ್ಕದ ಮನೆಯವನೇ’ ಅಂದರು. ನನಗೆ ಮೈ ಜುಮ್ಮೆಂದಿತು. ನಾನು ಇಷ್ಟು ವರ್ಷ ಕರ್ನಾಟಕದಲ್ಲಿ ವೋಟು ಹಾಕಿದ್ದೇನೆ, ಬೂತಿನಲ್ಲಿ ಎಷ್ಟು ವೋಟು ಬಿತ್ತು ಅನ್ನುವ ಲೆಕ್ಕದ ಫಾರ್ಮ್ 17ಸಿ ಏಜೆಂಟರಿಗೆ ಕೊಡುತ್ತಾರೆ ಅಂತ ಗೊತ್ತು, ಆದರೆ ನನ್ನ ಬೂತಿನ ಆ ಹಾಳೆಯನ್ನು ಒಮ್ಮೆಯೂ ಕಣ್ಣಾರೆ ನೋಡಿಲ್ಲ. ನಮ್ಮಲ್ಲೂ ಹೀಗೆ ಸ್ಕ್ಯಾನ್ ಮಾಡಿ ಹಾಕಲಿ ಅಂತ ತುಂಬಾ ಆಸೆ.

15ಕ್ಕೆ ಫಲಿತಾಂಶ ಬಂತು: ರೂಟೊ ಶೇ 50.49, ಒಡಿಂಗಾ ಶೇ 48.85. ಏಳು ಆಯುಕ್ತರಲ್ಲಿ ನಾಲ್ವರು ಒಪ್ಪಲಿಲ್ಲ, ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು. 2017ರಲ್ಲಿ ಅಧ್ಯಕ್ಷರ ಚುನಾವಣೆಯನ್ನೇ ರದ್ದು ಮಾಡಿದ ಕೋರ್ಟದು. ಈ ಸಲ ಪೋರ್ಟಲ್‌ನ ಫಾರ್ಮ್‌ಗಳಿಗೂ ಕಾಗದದ ಫಾರ್ಮ್‌ಗಳಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಇಲ್ಲ ಅಂತ ಸೆಪ್ಟೆಂಬರ್ 5ರಂದು ಫಲಿತಾಂಶವನ್ನು ಎತ್ತಿಹಿಡಿಯಿತು. ಡ್ರೈವರ್ ಎರಡು ದಿನ ಸಪ್ಪಗಿದ್ದರು. ಆದರೆ ‘ನಮ್ಮೂರಿನ ಲೆಕ್ಕ ಸರಿಯಾಗಿಯೇ ಇತ್ತು’ ಅಂತ ಆಫೀಸಿನಲ್ಲಿ ಎಲ್ಲರಿಗೂ ಹೇಳಿದರು.